ಟಕ್ ಎಂದದ್ದು ಎಲ್ಲಿಂದ?

ಹಳೆಯ ಕಾರಿನ ಮುಂದಿನ ಸಸ್ಪೆನ್ಷನ್ ಸದ್ದು ಮಾಡತೊಡಗಿದಾಗ ಮೊದಲ ಅನುಮಾನ ಹೋಗಬೇಕಾದದ್ದು ರಬ್ಬರಿನ ಮೇಲೆ. ಸ್ಪ್ರಿಂಗು, ಆರ್ಮು, ರಾಡುಗಳಂಥ ಉಕ್ಕಿನ ಭಾಗಗಳು ಸಾಮಾನ್ಯವಾಗಿ ಕಾರು ಇರುವವರೆಗೂ ಬಾಳುತ್ತವೆ. ಅವುಗಳ ನಡುವೆ ಕೂತು ಲೋಹಕ್ಕೆ ಲೋಹ ತಾಗದಂತೆ ತಡೆಯುವ ಬುಷ್‌ಗಳಿಗೆ ಅಷ್ಟು ಆಯುಸ್ಸಿಲ್ಲ. ವರ್ಷಗಟ್ಟಲೆ ಬಿಸಿಲು, ಮಳೆನೀರು, ಎಂಜಿನ್ನಿನಿಂದ ಸೋರಿದ ಎಣ್ಣೆ ತಿಂದು ಅವು ಗಟ್ಟಿಯಾಗುತ್ತವೆ, ಸೀಳು ಬಿಡುತ್ತವೆ, ಕೊನೆಗೆ ಸವೆದು ಸಡಿಲಾಗುತ್ತವೆ. ಹೀಗೆ ಬಿಟ್ಟ ಒಂದು ಮಿಲಿಮೀಟರಿನ ಸಂದು ಸಾಕು, ಒಳಗೆ ಕೂತವರಿಗೆ ಯಾರೋ ಕಾಲಬುಡದಲ್ಲಿ ಸುತ್ತಿಗೆ ಬಡಿದಂತೆ ಕೇಳಿಸುತ್ತದೆ. ಗ್ಯಾರೇಜಿನ ಮಾತಿನಲ್ಲಿ ಈ ಸಂದಿಗೆ ‘ಪ್ಲೇ’ ಎಂದು ಹೆಸರು. ಸದ್ದಿನ ಪತ್ತೆಯೆಂದರೆ ಆ ಪ್ಲೇ ಯಾವ ಕೀಲಿನಲ್ಲಿದೆ ಎಂದು ಕೈಗೆ ಸಿಗುವಂತೆ ಕಂಡುಕೊಳ್ಳುವುದು. ಅದಕ್ಕೂ ಮೊದಲೇ ಬಿಡಿಭಾಗದ ಅಂಗಡಿಗೆ ಹೊರಟವರು ಸಾಮಾನ್ಯವಾಗಿ ಅತ್ಯಂತ ದುಬಾರಿ ಭಾಗವನ್ನೇ, ಅಂದರೆ ಶಾಕ್ ಅಬ್ಸಾರ್ಬರನ್ನೇ, ತಂದು ಹಾಕಿಸುತ್ತಾರೆ. ಮರುದಿನ ಅದೇ ಹಂಪಿನ ಮೇಲೆ ಅದೇ ಸದ್ದು ಕೇಳುತ್ತದೆ.

ಮೂಳೆ ಮತ್ತು ಕೀಲು

ಈ ವಿಷಯಕ್ಕೆ ಮಾರುತಿ 800 ಒಳ್ಳೆಯ ಮಾದರಿ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಈ ಕಾರು ಇಂದಿಗೂ ಮಲೆನಾಡಿನ ತೋಟದ ದಾರಿಗಳಲ್ಲಿ, ಬಯಲುಸೀಮೆಯ ಸಂತೆ ಊರುಗಳಲ್ಲಿ ಕಾಣಸಿಗುತ್ತದೆ. ಹದಿನೈದು ವರ್ಷ ತುಂಬಿ, ಆರ್‌ಟಿಒ ತಪಾಸಣೆಗೆ ನಿಂತು, ನೋಂದಣಿ ನವೀಕರಿಸಿಕೊಂಡು ಓಡುತ್ತಿರುವ ಬಂಡಿಗಳಿವು. ಇದರ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಸಣ್ಣ ಕಾರೊಂದಕ್ಕಾಗಿ ಯೋಚಿಸಿದ ವ್ಯವಸ್ಥೆ ಅದು. ಆ ಕಾರು ಹೊರಬರಲಿಲ್ಲ. ಅವರು ಫೋರ್ಡ್ ಸೇರಿದ ಮೇಲೆ, 1950ರಲ್ಲಿ ಬ್ರಿಟನ್ನಿನಲ್ಲಿ ಪ್ರದರ್ಶನಗೊಂಡ ಕಾನ್ಸಲ್ ಮತ್ತು ಜೆಫಿರ್ ಕಾರುಗಳ ಮೂಲಕ ಅದು ಜಗತ್ತಿಗೆ ಪರಿಚಯವಾಯಿತು. ಇವತ್ತು ರಸ್ತೆಯ ಮೇಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದನ್ನೇ ನೆಚ್ಚಿಕೊಂಡಿವೆ. ಆದ್ದರಿಂದ 800ರ ಬಗ್ಗೆ ಹೇಳುವ ಬಹುಪಾಲು ಮಾತು ಹಳೆಯ ಜೆನ್, ಆಲ್ಟೊ, ಸ್ಯಾಂಟ್ರೊಗಳಿಗೂ ಅನ್ವಯಿಸುತ್ತದೆ.

ಸ್ಟ್ರಟ್ ಎಂದರೆ ಶಾಕ್ ಅಬ್ಸಾರ್ಬರೂ ಹೌದು, ಗಾಲಿಯನ್ನು ನೆಟ್ಟಗೆ ಹಿಡಿದ ಕಂಬವೂ ಹೌದು. ಅದರ ಸುತ್ತ ಕಾಯಿಲ್ ಸ್ಪ್ರಿಂಗ್ ಕೂತಿರುತ್ತದೆ. ಕಂಬದ ತಲೆ ಬಾನೆಟ್ಟಿನ ಕೆಳಗೆ ಬಾಡಿಗೆ ಬಿಗಿದಿರುವ ಮೌಂಟಿನಲ್ಲಿದೆ. ಈ ಮೌಂಟಿನಲ್ಲಿ ದಪ್ಪ ರಬ್ಬರೂ ಒಂದು ಬೇರಿಂಗೂ ಇರುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಸಮೇತ ಇಡೀ ಕಂಬ ತಿರುಗುವುದು ಈ ಬೇರಿಂಗಿನ ಮೇಲೆ. ಕಂಬದ ಬುಡ ಗಾಲಿಯ ಹಬ್ (ಗಾಲಿ ಬಿಗಿದಿರುವ ನಡುಭಾಗ) ಹೊತ್ತ ನಕಲ್‌ಗೆ ಬೋಲ್ಟಾಗಿದೆ. ನಕಲ್‌ನ ಕೆಳತುದಿಯನ್ನು ಬಾಲ್ ಜಾಯಿಂಟ್ ಮೂಲಕ ಹಿಡಿದಿರುವುದು ಲೋವರ್ ಆರ್ಮ್. ಆರ್ಮಿನ ಒಳತುದಿ ರಬ್ಬರ್ ಬುಷ್ ಮೂಲಕ ಕಾರಿನ ಅಡಿಗೆ ಸೇರಿಕೊಂಡಿದೆ. ನಕಲ್‌ಗೆ ಪಕ್ಕದಿಂದ ಬಂದು ಸೇರುವುದು ಸ್ಟೀರಿಂಗ್ ರ‍್ಯಾಕಿನಿಂದ ಹೊರಟ ಟೈ ರಾಡ್.

ಇನ್ನು ಉಳಿದದ್ದು ಎರಡೂ ಗಾಲಿಗಳ ನಡುವೆ ಅಡ್ಡಲಾಗಿ ಬಾಗಿ ಬಂದಿರುವ ಸ್ಟೆಬಿಲೈಸರ್ ಬಾರ್. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ತಡೆಯುವುದು ಅದರ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. 800ರಲ್ಲಿ ಅದಕ್ಕೆ ಇನ್ನೊಂದು ದೊಡ್ಡ ಜವಾಬ್ದಾರಿಯಿದೆ. ಈ ಕಾರಿನ ಲೋವರ್ ಆರ್ಮ್ ಒಂದೇ ತೋಳಿನ ಸಪೂರ ಭಾಗ. ಗಾಲಿ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಶಕ್ತಿ ಅದೊಂದಕ್ಕೇ ಇಲ್ಲ. ಬಾರಿನ ತುದಿಗಳು ಆರ್ಮಿನೊಳಗೆ ತೂರಿ, ಎರಡೂ ಪಕ್ಕ ಬುಷ್ ಮತ್ತು ವಾಶರ್ ಇಟ್ಟು, ನಟ್ ಬಿಗಿದು ಅದನ್ನು ಹಿಡಿದಿಟ್ಟಿವೆ. ಬ್ರೇಕ್ ಹಾಕಿದಾಗ ಗಾಲಿ ಹಿಂದಕ್ಕೆ ತಳ್ಳುವ ಅಷ್ಟೂ ಬಲ ಆ ನಾಲ್ಕು ಬೆರಳಗಲದ ರಬ್ಬರಿನ ಮೇಲೆ ಬೀಳುತ್ತದೆ. 800ರ ಸದ್ದಿನ ಕಥೆಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಶುರುವಾಗುತ್ತವೆ ಎಂದರೆ ಹೆಚ್ಚು ಹೇಳಿದಂತಾಗದು.

ಇದಕ್ಕಿಂತ ಹಿಂದಿನ ಪೀಳಿಗೆಯ ಅಂಬಾಸಿಡರ್ ಬೇರೆಯೇ ಜಾತಿ. ಅದರಲ್ಲಿ ಕಾಯಿಲ್ ಸ್ಪ್ರಿಂಗಿನ ಬದಲು ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್, ಬಾಲ್ ಜಾಯಿಂಟಿನ ಬದಲು ಗ್ರೀಸ್ ಉಣಿಸಬೇಕಾದ ಕಿಂಗ್‌ಪಿನ್ನು. ಆ ಕಾರಿನ ಎಷ್ಟೋ ಸದ್ದುಗಳಿಗೆ ಗ್ರೀಸ್ ಗನ್ನೇ ಮದ್ದಾಗಿತ್ತು. ಅದೇ ಅಭ್ಯಾಸದಲ್ಲಿ ಮ್ಯಾಕ್‌ಫರ್ಸನ್ ಕಾರಿನ ರಬ್ಬರ್ ಬುಷ್‌ಗಳಿಗೂ ಗ್ರೀಸ್ ಮೆತ್ತುವವರಿದ್ದಾರೆ. ಪೆಟ್ರೋಲಿಯಂ ಗ್ರೀಸು ರಬ್ಬರನ್ನು ಊದಿಸಿ ಮೆದುವಾಗಿಸುತ್ತದೆ. ಸದ್ದು ಎರಡು ವಾರ ಅಡಗಿ, ಆಮೇಲೆ ಜೋರಾಗಿ ಮರಳುತ್ತದೆ.

ಸದ್ದಿಗೊಂದು ಹೆಸರು

ಸದ್ದುಗಳನ್ನು ಹೆಸರಿಸುವುದರಲ್ಲಿ ಕನ್ನಡಕ್ಕೆ ಬಡತನವಿಲ್ಲ. ಟಕ್, ಕಟಕಟ, ಗಡಗಡ, ಧಡ್, ಟಣ್, ಕಿರ್ರ್, ಗುಂಯ್: ಅನುಕರಣ ಪದಗಳ ಈ ಸಾಲು ವ್ಯಾಕರಣದ ಪಾಠದಲ್ಲಿ ಎಷ್ಟು ಉಪಯೋಗಕ್ಕೆ ಬಂತೋ ಏನೋ, ಗ್ಯಾರೇಜಿನಲ್ಲಂತೂ ಚೆನ್ನಾಗಿ ಒದಗುತ್ತದೆ. ‘ಮುಂದೆ ಏನೋ ಸೌಂಡ್ ಬರ್ತಿದೆ’ ಎಂದು ಹೇಳಿ ಕೀಲಿ ಕೊಟ್ಟುಹೋಗುವ ಮಾಲೀಕರಿಗಿಂತ, ‘ಹಂಪು ಇಳಿಯುವಾಗ ಎಡಗಡೆ ಒಂದೇ ಸಲ ಧಡ್ ಅನ್ನುತ್ತೆ’ ಎನ್ನುವವರ ಕಾರು ಬೇಗ ದುರಸ್ತಿಯಾಗುತ್ತದೆ. ಎಂಥ ಸದ್ದು ಎನ್ನುವುದರ ಜೊತೆಗೆ ಯಾವಾಗ ಎನ್ನುವುದೂ ಸೇರಬೇಕು: ಬ್ರೇಕ್ ಒತ್ತಿದಾಗಲೋ, ತಿರುಗಿಸಿದಾಗಲೋ, ಒಂದೇ ಗಾಲಿ ಗುಂಡಿಗೆ ಬಿದ್ದಾಗಲೋ, ಬೆಳಗಿನ ಚಳಿಯಲ್ಲೋ, ಮಳೆಯಲ್ಲಿ ನೆನೆದ ಮೇಲೋ.

ಅದಕ್ಕೂ ಮುಂಚೆ ಸುಳ್ಳು ಸದ್ದುಗಳನ್ನು ತಳ್ಳಿಹಾಕಬೇಕು. ಡಿಕ್ಕಿಯಲ್ಲಿ ಸಡಿಲಾದ ಸ್ಟೆಪ್ನಿ ಮತ್ತು ಜಾಕಿ, ಕ್ಲ್ಯಾಂಪ್ ಇಲ್ಲದ ಬ್ಯಾಟರಿ, ಸರಿಯಾಗಿ ಕೂರದ ಬಾನೆಟ್ ಬೀಗ, ಅಲುಗಾಡುವ ನಂಬರ್ ಪ್ಲೇಟು, ಸೈಲೆನ್ಸರಿನ ತುಂಡಾದ ರಬ್ಬರ್ ತೂಗು, ಸೋತ ಎಂಜಿನ್ ಮೌಂಟಿಂಗ್ — ಇವು ಒಂದೊಂದೂ ಸಸ್ಪೆನ್ಷನ್ನಿನ ವೇಷ ಹಾಕಬಲ್ಲವು. ಬಾಡಿಯ ತಗಡು ಸದ್ದನ್ನು ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಬಲಗಡೆ ಹುಟ್ಟಿದ ಟಕ್ ಎಡಗಡೆ ಕೂತವರ ಕಾಲಬುಡದಲ್ಲಿ ಕೇಳಿಸುವುದು ಅಪರೂಪವಲ್ಲ. ಗಾಲಿಯ ನಟ್‌ಗಳು ಬಿಗಿಯಾಗಿವೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಬೇಕು. ಅದು ಸದ್ದಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಟೈರಿನ ಗಾಳಿಯನ್ನೂ ಕಂಪನಿ ಹೇಳಿದ ಮಟ್ಟಕ್ಕೆ ತರಬೇಕು. ಗಾಳಿ ಹೆಚ್ಚಾದ ಟೈರು ಪ್ರತಿ ಕಲ್ಲಿನ ಏಟನ್ನೂ ಕಾರಿನೊಳಕ್ಕೆ ದಾಟಿಸುತ್ತದೆ.

ಡಿಸ್ಕ್ ಬ್ರೇಕಿನ ಪ್ಯಾಡುಗಳು ಕೆಟ್ಟ ರಸ್ತೆಯಲ್ಲಿ ಕಟಕಟ ಎನ್ನುವುದು ಥೇಟ್ ಸಸ್ಪೆನ್ಷನ್ ಸದ್ದಿನಂತೆಯೇ ಇರುತ್ತದೆ. ಇದಕ್ಕೆ ಸುಲಭದ ಪರೀಕ್ಷೆಯಿದೆ. ಸದ್ದು ಬರುತ್ತಿರುವಾಗಲೇ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿ ಹಿಡಿಯುವುದು. ಸದ್ದು ತಟ್ಟನೆ ನಿಂತರೆ ತಪ್ಪು ಪ್ಯಾಡಿನದೋ ಕ್ಯಾಲಿಪರ್ ಪಿನ್ನಿನದೋ ಇರಬೇಕು. ಸಸ್ಪೆನ್ಷನ್ ಬಿಚ್ಚುವ ಅಗತ್ಯವಿಲ್ಲ.

ಹಂಪು ಎಂಬ ಪ್ರಯೋಗಶಾಲೆ

ಓಡಿಸಿ ನೋಡುವ ಪರೀಕ್ಷೆಗೆ ಖಾಲಿ ರಸ್ತೆ, ಇಬ್ಬರು ಜನ, ಇಳಿಸಿದ ಗಾಜು, ಆರಿಸಿದ ರೇಡಿಯೊ ಬೇಕು. ಪಕ್ಕದಲ್ಲಿ ಉದ್ದನೆಯ ಕಾಂಪೌಂಡ್ ಗೋಡೆ ಇದ್ದರೆ ಇನ್ನೂ ಒಳ್ಳೆಯದು: ಗೋಡೆಗೆ ಬಡಿದು ವಾಪಸು ಬರುವ ಸದ್ದು ಆ ಬದಿಯ ಗಾಲಿಯ ಗುಟ್ಟನ್ನು ಬಿಟ್ಟುಕೊಡುತ್ತದೆ.

ಹಂಪಿಗಂತೂ ನಮ್ಮಲ್ಲಿ ಬರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ನಿಧಾನ ಏರು. ಊರ ಜನ ರಾತ್ರೋರಾತ್ರಿ ಕಲ್ಲುಮಣ್ಣು ಸುರಿದು ಕಟ್ಟಿಕೊಂಡ ಹಂಪುಗಳು ಈ ಅಳತೆಯನ್ನು ಕಂಡೇ ಇಲ್ಲ. ಆದರೆ ಸದ್ದು ಹುಡುಕುವವರಿಗೆ ಎರಡೂ ಬಗೆ ಉಪಯುಕ್ತ. ಮೊದಲು ಹಂಪನ್ನು ನೇರವಾಗಿ, ಎರಡೂ ಗಾಲಿ ಒಟ್ಟಿಗೆ ಏರುವಂತೆ ನಿಧಾನ ದಾಟಬೇಕು. ಆಮೇಲೆ ಓರೆಯಾಗಿ, ಒಂದು ಗಾಲಿ ಮೊದಲು ಏರುವಂತೆ. ನೇರ ದಾಟುವಾಗ ಮೌನ, ಓರೆಯಲ್ಲಿ ಟಕ್ ಟಕ್ ಎಂದರೆ ಬೆರಳು ಸ್ಟೆಬಿಲೈಸರ್ ಬಾರಿನತ್ತ ತೋರುತ್ತದೆ. ಎರಡು ಗಾಲಿಗಳು ಒಟ್ಟಿಗೆ ಏರಿಳಿದಾಗ ಬಾರು ಹಾಗೆಯೇ ತೂಗಿಕೊಳ್ಳುತ್ತದೆ. ಒಂದು ಏರಿ ಇನ್ನೊಂದು ಕೆಳಗುಳಿದಾಗ ಮಾತ್ರ ತಿರುಚಿಕೊಂಡು ತನ್ನ ಬುಷ್‌ಗಳನ್ನು ಎಳೆಯುತ್ತದೆ. ಎರಡು ರೀತಿಯಲ್ಲೂ ಧಡ್ ಎಂದರೆ ಸ್ಟ್ರಟ್, ಮೇಲಿನ ಮೌಂಟ್, ಲೋವರ್ ಆರ್ಮ್ ಕಡೆ ನೋಡಬೇಕು.

ನಿಧಾನ ದಾಟುವಾಗ ಹಳೆಯ ಬಾಗಿಲಿನಂತೆ ಕಿರ್ರ್ ಎಂದರೆ ಒಣಗಿದ ರಬ್ಬರು. ಅನುಮಾನವಿರುವ ಬುಷ್ ಮೇಲೆ ಒಂದು ಚೊಂಬು ನೀರು ಹೊಯ್ದು ಮತ್ತೆ ದಾಟಿಸಿದರೆ ಕಿರುಚಾಟ ಕೆಲವು ನಿಮಿಷ ನಿಲ್ಲುತ್ತದೆ. ಒಂದೊಂದೇ ಬುಷ್‌ಗೆ ಹೀಗೆ ನೀರು ಹಾಕುತ್ತ ಹೋದರೆ ಯಾವುದು ಎನ್ನುವುದು ಖಚಿತವಾಗುತ್ತದೆ. ಮಳೆಗಾಲದಲ್ಲಿ ತಾನಾಗಿ ಮಾಯವಾಗಿ ಬೇಸಿಗೆಯಲ್ಲಿ ಹಾಜರಾಗುವ ಸದ್ದು ಈ ಕುಲದ್ದೇ.

ಬ್ರೇಕ್ ಹಾಕಿದ ಕೂಡಲೇ ಒಂದು ಧಡ್, ಬಿಟ್ಟು ಹೊರಟಾಗ ಇನ್ನೊಂದು ಧಡ್ — ಇದು ಗಾಲಿ ಹಿಂದೆ ಮುಂದೆ ಸರಿಯುತ್ತಿರುವ ಲಕ್ಷಣ. ಲೋವರ್ ಆರ್ಮಿನ ಬುಷ್ ಅಥವಾ, 800ರಲ್ಲಾದರೆ, ಮೇಲೆ ಹೇಳಿದ ಬಾರಿನ ತುದಿಯ ಬುಷ್ ಸೋತಿದೆ. ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಅಂತರ ಎಡಬಲಕ್ಕೆ ಹೋಲಿಸಿದರೆ ಕೆಲವೊಮ್ಮೆ ಬರಿಗಣ್ಣಿಗೇ ವ್ಯತ್ಯಾಸ ಕಾಣುತ್ತದೆ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ತಂತಿ ಮೀಟಿದಂತೆ ಟಣ್ ಎಂದರೆ ಮೇಲಿನ ಮೌಂಟಿನ ಬೇರಿಂಗ್ ಹಿಡಿದುಕೊಂಡಿದೆ. ಕಂಬ ತಿರುಗಲು ಹೊರಟರೂ ತಲೆ ಬಿಡುವುದಿಲ್ಲ; ಸ್ಪ್ರಿಂಗ್ ತಿರುಚಿಕೊಂಡು, ತಾಳಲಾರದೆ ಒಮ್ಮೆಗೇ ಜಿಗಿಯುತ್ತದೆ. ಇನ್ನೊಬ್ಬರು ಸ್ಟೀರಿಂಗ್ ತಿರುಗಿಸುತ್ತಿರುವಾಗ ಸ್ಪ್ರಿಂಗಿನ ಹೊರಮೈಗೆ ಅಂಗೈ ಆನಿಸಿದರೆ ಆ ಜಿಗಿತ ಕೈಗೇ ತಿಳಿಯುತ್ತದೆ. ಬೆರಳುಗಳನ್ನು ಸುರುಳಿಗಳ ನಡುವೆ ತೂರಿಸಬಾರದು.

ಪೂರ್ತಿ ತಿರುಗಿಸಿ ವೇಗ ಕೊಟ್ಟಾಗ ಟಕಟಕಟಕ ಎಂದು ಗಾಲಿಯ ಸುತ್ತಿಗೆ ಸರಿಯಾಗಿ ಬರುವುದು ಡ್ರೈವ್ ಶಾಫ್ಟಿನ ಹೊರಗಿನ ಸಿ.ವಿ. ಜಾಯಿಂಟ್. ವೇಗದೊಂದಿಗೆ ಏರುವ ಗುಂಯ್ ಸದ್ದು ವೀಲ್ ಬೇರಿಂಗಿನದು. ಬಲಕ್ಕೆ ತಿರುಗುವಾಗ ಭಾರ ಎಡಗಾಲಿಗೆ ಬೀಳುವುದರಿಂದ, ಆಗ ಗುಂಯ್ ಹೆಚ್ಚಾದರೆ ಎಡ ಬೇರಿಂಗ್, ಎಡಕ್ಕೆ ತಿರುಗುವಾಗ ಹೆಚ್ಚಾದರೆ ಬಲ. ಎರಡೂ ಸಸ್ಪೆನ್ಷನ್ನಿನ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಅದರ ಹೆಸರಿಗೆ ಬರೆಯಲಾಗುವ ತಪ್ಪುಗಳಲ್ಲಿ ಇವೇ ಮುಂದು.

ಗುಂಡಿಯಲ್ಲಿ ಬಿದ್ದು ಎದ್ದ ಮೇಲೆ ಕಾರು ದೋಣಿಯಂತೆ ತೂಗಾಡುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಡುವ ಹಳೆಯ ಪರೀಕ್ಷೆ ಪೂರ್ತಿ ಸತ್ತದ್ದನ್ನಷ್ಟೇ ಹಿಡಿಯುತ್ತದೆ, ಅರೆಜೀವದ್ದನ್ನು ಹಿಡಿಯದು. ಕಂಬದ ಮೇಲೆ ಎಣ್ಣೆಯ ತೆಳು ಮಸುಕು ಇದ್ದರೆ ಗಾಬರಿಯಿಲ್ಲ. ಎಣ್ಣೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಒಳಗಿನ ಸೀಲ್ ಹೋಗಿದೆ.

ಎತ್ತಿ ನೋಡುವುದು

ಇಲ್ಲಿಂದ ಮುಂದೆ ಕಾರನ್ನು ಎತ್ತಬೇಕು. ಸಮತಟ್ಟು ಗಟ್ಟಿ ನೆಲ, ಎಳೆದ ಹ್ಯಾಂಡ್‌ಬ್ರೇಕ್, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು, ಎತ್ತಿದ ಕೂಡಲೇ ಗಟ್ಟಿ ಜಾಗಕ್ಕೆ ಕೊಟ್ಟ ಸ್ಟ್ಯಾಂಡು. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗಬಾರದು. ಇಟ್ಟಿಗೆಯನ್ನಂತೂ ನಂಬಲೇಬಾರದು, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ.

ತೂಗುತ್ತಿರುವ ಗಾಲಿಯನ್ನು ಗಡಿಯಾರವೆಂದುಕೊಂಡು ಮೊದಲು ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲುಗಿಸಬೇಕು, ಆಮೇಲೆ ಮೂರು ಮತ್ತು ಒಂಬತ್ತರಲ್ಲಿ. ಎರಡೂ ಹಿಡಿತದಲ್ಲಿ ಆಡಿದರೆ ಸಾಮಾನ್ಯವಾಗಿ ವೀಲ್ ಬೇರಿಂಗ್. ಮೂರು-ಒಂಬತ್ತರಲ್ಲಿ ಮಾತ್ರ ಆಡಿದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್. ಹನ್ನೆರಡು-ಆರರಲ್ಲಿ ಮಾತ್ರ ಆಡಿದರೆ ಬಾಲ್ ಜಾಯಿಂಟ್, ಇಲ್ಲವೇ ಸ್ಟ್ರಟ್ಟಿನ ರಾಡ್ ತನ್ನ ತೂತಿನಲ್ಲೇ ಸಡಿಲಾಗಿದೆ. ಅನುಮಾನ ಉಳಿದರೆ ಒಳಗಿದ್ದವರು ಬ್ರೇಕ್ ಒತ್ತಲಿ. ಬ್ರೇಕು ಗಾಲಿಯ ಹಬ್ ಅನ್ನು ನಕಲ್‌ಗೆ ಕಟ್ಟಿಹಾಕುತ್ತದೆ. ಪ್ಲೇ ಮಾಯವಾದರೆ ತಪ್ಪು ಬೇರಿಂಗಿನದು, ಹಾಗೆಯೇ ಉಳಿದರೆ ಅದರಿಂದಾಚೆಯದು.

ಮ್ಯಾಕ್‌ಫರ್ಸನ್ ಕಾರುಗಳಲ್ಲಿ ಸ್ಪ್ರಿಂಗಿನ ಭಾರ ಕೆಳಗಿನ ಬಾಲ್ ಜಾಯಿಂಟ್ ಮೇಲೆ ಬೀಳುವುದಿಲ್ಲ, ಕಂಬದ ತಲೆಯ ಮೂಲಕ ಬಾಡಿಗೆ ಹೋಗುತ್ತದೆ. ಹಾಗಾಗಿ ಗಾಲಿ ತೂಗುತ್ತಿರುವಾಗ ಆರ್ಮಿಗೂ ನಕಲ್‌ಗೂ ನಡುವೆ ಸಣ್ಣ ಸಲಾಕೆ ಇಟ್ಟು ಮೀಟಿದರೆ ಜಾಯಿಂಟಿನ ಪ್ಲೇ ನೇರವಾಗಿ ಕಾಣುತ್ತದೆ. ಅದರ ರಬ್ಬರ್ ಟೋಪಿ ಹರಿದಿದ್ದರೆ ಒಳಗೆ ಮಣ್ಣು ನೀರು ಸೇರಿ ಕಥೆ ಮುಗಿದಿದೆ ಎಂದೇ ತಿಳಿಯಬೇಕು. ಹೊಸ ಗ್ರೀಸು ತುಂಬಿ ಉಳಿಸಲು ಹೊರಡುವುದು ಮೂರ್ಖತನ. ಉಳಿದ ಬಹುಪಾಲು ಕೀಲುಗಳು ಸೋತರೆ ಸದ್ದು ಬರುತ್ತದೆ. ಇದು ಕಳಚಿದರೆ ಗಾಲಿ ಹೊರಕ್ಕೆ ಮಲಗಿ ಕಾರು ನೆಲಕ್ಕೆ ಕೂರುತ್ತದೆ. ಶಿರಾಡಿಯ ಇಳಿಜಾರಿನಲ್ಲೋ ಚಾರ್ಮಾಡಿಯ ತಿರುವಿನಲ್ಲೋ ಹಾಗಾದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಕೀಲುಗಳೂ ತೂಗಿದ ಸ್ಥಿತಿಯಲ್ಲಿ ತಪ್ಪೊಪ್ಪಿಕೊಳ್ಳುವುದಿಲ್ಲ. ಗಾಲಿಗಳು ತೂಗಿದಾಗ ಸ್ಟೆಬಿಲೈಸರಿನ ಬುಷ್ ಮತ್ತು ಕೆಲವು ಕಾರುಗಳಲ್ಲಿ ಅದರ ತುದಿಯನ್ನು ಆರ್ಮಿಗೋ ಸ್ಟ್ರಟ್ಟಿಗೋ ಸೇರಿಸುವ ಲಿಂಕುಗಳು ಎಳೆದುಕೊಂಡು ಬಿಗಿಯಾಗಿ, ಏನೂ ಆಗಿಲ್ಲವೆಂಬಂತೆ ನಟಿಸುತ್ತವೆ. ಅವನ್ನು ಗಾಲಿಗಳು ನೆಲದ ಮೇಲಿರುವಾಗ, ಗ್ಯಾರೇಜಿನ ಪಿಟ್ ಅಥವಾ ರ‍್ಯಾಂಪಿನಲ್ಲಿ ನೋಡಬೇಕು. ಟೈ ರಾಡ್ ಎಂಡ್‌ಗಳಿಗೂ ಇದೇ ಸರಿ: ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪ ಅಲುಗಿಸುತ್ತಿದ್ದರೆ, ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಕೈಯಿಡುತ್ತ ಬರುತ್ತಾರೆ. ಕಿವಿಗೆ ಗೊಂದಲವಾದದ್ದು ಬೆರಳತುದಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕೈ ಹೋಗದ ಕಡೆ ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕೀಲಿನ ಹತ್ತಿರ ಹಿಡಿದರೆ ಅದೇ ವೈದ್ಯರ ಸ್ಟೆತಸ್ಕೋಪು.

ಲಿಂಕ್ ರಾಡ್ ಇರುವ ಕಾರುಗಳಲ್ಲಿ ಎರಡೂ ಕಡೆಯ ಲಿಂಕ್ ಕಳಚಿ, ಬಾರನ್ನು ಏನಕ್ಕೂ ತಾಗದಂತೆ ಕಟ್ಟಿ, ಊರೊಳಗೇ ನಿಧಾನವಾಗಿ ಒಂದು ಸುತ್ತು ಓಡಿಸಿ ನೋಡುವ ಉಪಾಯವಿದೆ. ಸದ್ದು ಹೋಯಿತೆಂದರೆ ಕಳ್ಳ ಸಿಕ್ಕ. ಈ ಉಪಾಯವನ್ನು ಮಾರುತಿ 800ರಲ್ಲಿ ಯಾವ ಕಾರಣಕ್ಕೂ ಮಾಡಬಾರದು. ಅಲ್ಲಿ ಬಾರನ್ನು ಕಳಚಿದರೆ ಲೋವರ್ ಆರ್ಮಿಗೆ ಹಿಂದೆ ಮುಂದೆ ಆಧಾರವೇ ಇರುವುದಿಲ್ಲ. ಮೊದಲ ಬ್ರೇಕಿಗೇ ಗಾಲಿ ಹಿಂದಕ್ಕೆ ಜಾರುತ್ತದೆ. ಒಂದು ಕಾರಿಗೆ ಸಲ್ಲುವ ಬುದ್ಧಿ ಇನ್ನೊಂದಕ್ಕೆ ಸಲ್ಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬಿಚ್ಚುವುದು, ಬಿಗಿಯುವುದು

ತಪ್ಪು ಸಿಕ್ಕಿದ ಮೇಲೆ ದುರಸ್ತಿ ಅಷ್ಟು ಕಷ್ಟದ್ದಲ್ಲ, ಬೋಲ್ಟು ಬಿಟ್ಟುಕೊಟ್ಟರೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬಾಳಿದ ಕಾರಿನಲ್ಲಿ ಆರ್ಮಿನ ಬೋಲ್ಟು ಬುಷ್‌ನ ಒಳಕೊಳವೆಗೇ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ವೈರ್ ಬ್ರಶ್ಶಿನಿಂದ ಮರೆಗಳನ್ನು ಉಜ್ಜಿ, ಮೂಲೆ ಸವೆಯದ ರಿಂಗ್ ಸ್ಪ್ಯಾನರಿನಿಂದ ತಿರುಗಿಸಿದರೆ ಅರ್ಧ ಕೆಲಸ ಆದಂತೆ.

ಸ್ಟೆಬಿಲೈಸರ್ ಬುಷ್‌ಗಳನ್ನು ಎರಡೂ ಬದಿಗೆ ಒಟ್ಟಿಗೆ ಬದಲಿಸಬೇಕು. ಬಿಚ್ಚುವ ಮೊದಲು ವಾಶರುಗಳ ಉಬ್ಬು ಯಾವ ಕಡೆಗಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ. ಬಾರಿನ ತುದಿಯ ನಟ್ಟಿಗೆ ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಹಳೆಯ ಪಿನ್ ನೆಟ್ಟಗೆ ಮಾಡಿ ತೂರಿಸುವ ಉಳಿತಾಯ ಯಾರಿಗೂ ಬೇಡ.

ಲೋವರ್ ಆರ್ಮಿನ ಬುಷ್ ಒಂದೇ ಬೇಕಾದರೆ ಹಳೆಯದನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸಬಹುದು. ಲೇತ್ ಅಂಗಡಿಗಳಲ್ಲಿ ಈ ಕೆಲಸ ಆಗುತ್ತದೆ. ಬಾಲ್ ಜಾಯಿಂಟೂ ಸವೆದಿದ್ದರೆ, ಅದು ಆರ್ಮಿನ ಜೊತೆಗೇ ಬರುವ ಕಾರುಗಳಲ್ಲಿ ಇಡೀ ಆರ್ಮನ್ನೇ ಬದಲಿಸುವುದು ಲೇಸು. ನಕಲ್‌ನಲ್ಲಿ ಜಾಯಿಂಟನ್ನು ಹಿಡಿದ ಅಡ್ಡ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಅದು ಜಾಯಿಂಟಿನ ಕತ್ತಿನ ಕಚ್ಚಿನಲ್ಲಿ ಕೂತಿರುತ್ತದೆ. ಇದನ್ನು ತಿಳಿಯದೆ ಸುತ್ತಿಗೆಯಲ್ಲಿ ಬಡಿದು ನಕಲ್ಲನ್ನೇ ಕೆಡಿಸಿದ ಉದಾಹರಣೆಗಳು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತವೆ.

ರಬ್ಬರ್ ಬುಷ್ ಹಾಕುವಾಗ ಎಲ್ಲರೂ ಮಾಡುವ ತಪ್ಪೊಂದಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬುಷ್‌ನ ರಬ್ಬರು ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡಿರುತ್ತದೆ. ಆರ್ಮ್ ಏರಿಳಿದಾಗ ಕೊಳವೆಗಳ ನಡುವೆ ಜಾರಾಟವಿಲ್ಲ, ರಬ್ಬರೇ ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಬೋಲ್ಟು ಬಿಗಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ಪಾಲಿಗೆ ವಿಶ್ರಾಂತಿಯ ಭಂಗಿ. ಗಾಲಿ ತೂಗುತ್ತಿರುವಾಗಲೇ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಗಳಿಗೆಯಿಂದ ರಬ್ಬರು ಹಗಲು ರಾತ್ರಿ ತಿರುಚಿಕೊಂಡೇ ಬದುಕಬೇಕಾಗುತ್ತದೆ. ವರ್ಷಗಟ್ಟಲೆ ಬಾಳಬೇಕಾದದ್ದು ತಿಂಗಳುಗಳಲ್ಲೇ ಹರಿಯುತ್ತದೆ. ಆದ್ದರಿಂದ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಕಾರನ್ನು ಇಳಿಸಿ ಒಂದೆರಡು ಸಲ ಒತ್ತಿ ಅಲುಗಿಸಿ, ಅದರ ಭಾರ ಗಾಲಿಗಳ ಮೇಲೆ ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ‘ಮೊನ್ನೆಯಷ್ಟೇ ಬುಷ್ ಹಾಕಿಸಿದ್ದೆ, ಡೂಪ್ಲಿಕೇಟ್ ಇರಬೇಕು’ ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ಬುಷ್‌ನದಲ್ಲ, ಬಿಗಿದ ಗಳಿಗೆಯದು.

ಪಾಲಿಯುರಿಥೇನ್ ಬುಷ್‌ಗಳೂ ಮಾರುಕಟ್ಟೆಯಲ್ಲಿವೆ. ಅವು ಗಟ್ಟಿ, ಎಣ್ಣೆಗೆ ಹೆದರುವುದಿಲ್ಲ, ಸ್ಟೀರಿಂಗ್ ಚುರುಕಾಗುತ್ತದೆ. ಆದರೆ ರಸ್ತೆಯ ಪ್ರತಿ ಕಲ್ಲನ್ನೂ ಒಳಗೆ ವರದಿ ಮಾಡುತ್ತವೆ. ತಮ್ಮದೇ ವಿಶೇಷ ಗ್ರೀಸು ಹಾಕದಿದ್ದರೆ ಕಿರುಚುತ್ತವೆ. ಸದ್ದು ನಿಲ್ಲಿಸಲು ಹೊರಟವರಿಗೆ ಸಾಧಾರಣ ರಬ್ಬರೇ ಒಳ್ಳೆಯದು.

ಸ್ಟ್ರಟ್ ಬಿಚ್ಚುವ ಕೆಲಸ ಅನುಭವಿಗಳದು. ಕಂಬದ ಮೇಲಿನ ನಡುನಟ್ಟು ಅದುಮಿಟ್ಟ ಸ್ಪ್ರಿಂಗಿನ ಅಷ್ಟೂ ಬಲವನ್ನು ಹಿಡಿದಿರುತ್ತದೆ. ಎದುರುಬದುರಾಗಿ ಎರಡು ಕಂಪ್ರೆಸರ್ ಹಾಕಿ, ಸಮನಾಗಿ ಬಿಗಿದು, ಸ್ಪ್ರಿಂಗ್ ತನ್ನ ತಟ್ಟೆಯ ಮೇಲೆ ಸಡಿಲಾದದ್ದು ಕಂಡ ಮೇಲಷ್ಟೇ ಆ ನಟ್ಟಿಗೆ ಕೈ ಹಾಕಬೇಕು. ಸೈಕಲ್ ಚೈನೋ ಹಗ್ಗವೋ ಕಟ್ಟಿ ಈ ಕೆಲಸ ಮುಗಿಸುವ ‘ಕೈಚಳಕ’ ತಪ್ಪಿದರೆ ಉಕ್ಕಿನ ಸುರುಳಿ ಮುಖಕ್ಕೆ ಹಾರುತ್ತದೆ. ಬಿಚ್ಚಿದ ಮೇಲೆ ಸ್ಪ್ರಿಂಗಿನ ಕೊನೆಯ ಸುತ್ತನ್ನು ಒರೆಸಿ ನೋಡಬೇಕು. ಮಣ್ಣು ನೀರು ನಿಲ್ಲುವ ಕೆಳತುದಿಯಲ್ಲೇ ಅದು ಮುರಿಯುವುದು. ಮುರಿದ ತುಂಡು ತಟ್ಟೆಯಲ್ಲೇ ಕೂತು ಟಣಟಣ ಎನ್ನುತ್ತಿರುತ್ತದೆ, ಹೊರಗೆ ಕಾಣುವುದಿಲ್ಲ.

ಹಳೆಯ ಸ್ಟ್ರಟ್ಟಿಗೆ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿ ಕೊಡುವ ರಿಪೇರಿ ಎಲ್ಲ ಊರಿನಲ್ಲೂ ನಡೆಯುತ್ತದೆ. ಸೀಲು, ಒಳಗಿನ ಬುಷ್ ಸವೆದೇ ಉಳಿದಿರುವಾಗ ಎಣ್ಣೆ ಎಷ್ಟು ದಿನ ನಿಲ್ಲುತ್ತದೆ? ಕಾರನ್ನು ಮಾರುವವರೆಗೆ ಸಾಕು ಎನ್ನುವವರ ಲೆಕ್ಕ ಬೇರೆ. ಉಳಿಸಿಕೊಳ್ಳುವವರು ಎಡಬಲ ಜೋಡಿಯಾಗಿ ಹೊಸದನ್ನೇ ಹಾಕಿಸಬೇಕು, ಜೊತೆಗೆ ಮೇಲಿನ ಮೌಂಟು, ಬೇರಿಂಗು, ಬಂಪ್ ಸ್ಟಾಪಿನ ರಬ್ಬರನ್ನೂ. ಒಮ್ಮೆ ಬಿಚ್ಚಿದ ಕೆಲಸಕ್ಕೆ ಎರಡನೆಯ ಸಲ ಕೂಲಿ ಕೊಡುವುದು ಯಾಕೆ? ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಂಪನಿಯದ್ದರಿಂದ ಹಿಡಿದು ಹೆಸರಿಲ್ಲದ್ದರವರೆಗೆ ಸಿಗುತ್ತದೆ. ಕೊಳ್ಳುವಾಗ ರಬ್ಬರನ್ನು ಉಗುರಿನಲ್ಲಿ ಒತ್ತಿ ನೋಡಬೇಕು: ಗೋದಾಮಿನಲ್ಲೇ ಮುದಿಯಾದ ರಬ್ಬರಿನ ಮೈಮೇಲೆ ಕೂದಲೆಳೆಯ ಬಿರುಕುಗಳಿರುತ್ತವೆ. ಗುಜರಿಯಿಂದ ನಕಲ್, ಬಾರ್ ತರಬಹುದು. ಬಾಲ್ ಜಾಯಿಂಟು, ಟೈ ರಾಡ್ ಎಂಡ್ ತರಬಾರದು.

ಟೈ ರಾಡ್ ಎಂಡ್ ಬದಲಿಸುವಾಗ ಹಳೆಯದು ಎಷ್ಟು ಸುತ್ತಿಗೆ ಕಳಚಿತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತಿಗೆ ಕೂರಿಸಿದರೆ ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ನೆಟ್ಟಗೆ ಹೋಗುತ್ತದೆ. ಆದರೆ ಅಂಗಡಿಗೆ ಹೋಗಲೇಬೇಕು. ಆರ್ಮ್, ಸ್ಟ್ರಟ್, ಟೈ ರಾಡ್ — ಯಾವುದನ್ನು ಮುಟ್ಟಿದರೂ ಗಾಲಿಯ ಕೋನ ಬದಲಾಗಿರುತ್ತದೆ, ಬಿಟ್ಟರೆ ಟೈರಿನ ಒಂದು ಅಂಚು ಸದ್ದಿಲ್ಲದೆ ಸವೆಯುತ್ತದೆ.

ಎಲ್ಲ ಮುಗಿದ ಮೇಲೆ ಮೊದಲು ಸದ್ದು ಕೇಳಿದ ಅದೇ ಹಂಪಿನ ಮೇಲೆ, ಅದೇ ವೇಗದಲ್ಲಿ, ನೇರವಾಗಿಯೂ ಓರೆಯಾಗಿಯೂ ಮತ್ತೆ ದಾಟಿ ನೋಡಬೇಕು. ಹಳೆಯ ಸದ್ದು ಹೋಗಿ ಹೊಸದೊಂದು ಬಂದಿದ್ದರೆ ಕಾರಣ ಸಾಮಾನ್ಯವಾಗಿ ಜೋಡಣೆಯಲ್ಲೇ ಇರುತ್ತದೆ: ಸ್ಪ್ರಿಂಗಿನ ತುದಿ ತಟ್ಟೆಯ ಕಚ್ಚಿನಲ್ಲಿ ಕೂತಿಲ್ಲ, ಮೌಂಟಿನ ನಡುನಟ್ಟು ಪೂರ್ತಿ ಬಿಗಿದಿಲ್ಲ, ಒಂದು ವಾಶರ್ ತಿರುಗುಮುರುಗಾಗಿದೆ ಅಥವಾ ಗ್ಯಾರೇಜಿನ ನೆಲದ ಮೇಲೇ ಉಳಿದಿದೆ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಬಿಚ್ಚಿದ ಪ್ರತಿ ಬೋಲ್ಟಿನ ಬಿಗಿಯನ್ನೂ ಟಾರ್ಕ್ ವ್ರೆಂಚಿನಲ್ಲಿ ಇನ್ನೊಮ್ಮೆ ನೋಡಿ, ತಲೆಯಿಂದ ಬಾಡಿಗೆ ಅಡ್ಡಲಾಗಿ ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಗೆರೆ ಎಳೆದಿಡುವ ಮೆಕ್ಯಾನಿಕ್‌ಗಳಿದ್ದಾರೆ. ಬೋಲ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ.